ಐಕ್ಯದ ಭಾನುವಾರದ ಲೋಟಗಳು

ನಮ್ಮ ಮನೆಯಲ್ಲಿ ನಿಮ್ಮ ತಾತನ ಫೋಟೋ ಇರುವುದು ಒಂದೇ. ಅದರಲ್ಲಿ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದಾರೆ. ಎಡಗಡೆ ಆಫ್ರಿಕಾದಿಂದ ಬಂದಿದ್ದ ಎತ್ತರದ ಬೋಧಕರು, ಬಲಗಡೆ ನಮ್ಮ ಚರ್ಚಿನ ಸಭೆಯ ದೊಡ್ಡ ಹಿರಿಯರು. ಮೂವರ ಕೈಯಲ್ಲೂ ಹೆಬ್ಬೆರಳಿನಷ್ಟು ಗಾಜಿನ ಲೋಟ. ನೋಡಿದವರೆಲ್ಲ "ಎಷ್ಟು ಚೆನ್ನಾಗಿದೆ, ಎಲ್ಲರೂ ಒಂದಾಗಿ ನಿಂತಿದ್ದಾರೆ" ಎನ್ನುತ್ತಾರೆ. ಹೋದ ಸಲ ಬಂದಾಗ ನೀವೂ ಹಾಗೇ ಅಂದಿರಿ. ನಾನು ಏನೂ ಹೇಳದೆ ಒಳಗೆ ಹೋದೆ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತನಿಗೆ ದೊಡ್ಡ ಆಸೆಗಳಿರಲಿಲ್ಲ. ಒಂದೇ ಒಂದು ಇತ್ತು. ದೊಡ್ಡ ಹಿರಿಯರ ಪಕ್ಕದಲ್ಲಿ ನಿಂತು, ಅವರು ಕುಡಿದ ಪಾತ್ರೆಯಲ್ಲೇ ತಾನೂ ಒಂದು ಗುಟುಕು ಕುಡಿಯಬೇಕು. ಅದು ನಡೆಯಲಿಲ್ಲ. ನಡೆಯದೆ ಹೋದದ್ದರಲ್ಲಿ ನನ್ನ ಪಾಲೂ ಇದೆ. ಈ ಮಾತನ್ನು ನಾನು ಅವರಿಗೂ ಹೇಳಲಿಲ್ಲ, ನಿಮ್ಮ ಅಪ್ಪನಿಗೂ ಹೇಳಲಿಲ್ಲ.

ನಾನು ಹುಟ್ಟಿದ್ದು ತೊಂಡೇಬಾವಿಯ ಹತ್ತಿರದ ಹಳ್ಳಿ. ಐದನೇ ಕ್ಲಾಸಿನವರೆಗೆ ಅಲ್ಲೇ ಓದಿದೆ. ಮದುವೆಯಾಗಿ ಬಂದದ್ದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಒಂದು ಊರಿಗೆ. ಊರಿನ ಹೆಸರು ಬರೆಯುವುದಿಲ್ಲ. ಆ ದೊಡ್ಡ ಮನೆಯವರ ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಊರಲ್ಲಿ ಹೆಂಚಿನ ದೇವಾಲಯವೊಂದಿತ್ತು, ನಮ್ಮ ಚರ್ಚು. ಬಿಳಿ ದೊರೆಗಳ ಕಾಲದಲ್ಲಿ ಕಟ್ಟಿದ್ದು. ಅದಕ್ಕೆ ಬರುತ್ತಿದ್ದವರು ಎರಡು ಕಡೆಯವರು. ಮೇಲಿನ ಬೀದಿಯಲ್ಲಿ ಹಿಪ್ಪುನೇರಳೆ ತೋಟ, ಬಾವಿ, ಮಹಡಿ ಮನೆ ಇದ್ದ ನಾಲ್ಕೈದು ಮನೆತನ. ಆಮೇಲೆ ಕಾಲೊನಿಯ ನಾವು, ಮೂವತ್ತು ಮನೆ. ಮೇಲಿನ ಬೀದಿಯವರ ಅಜ್ಜಂದಿರು ದೊರೆಗಳ ಕಾಲದಲ್ಲೇ ಕ್ರೈಸ್ತರಾದರಂತೆ. ಅವರ ದೇವರು ಬದಲಾದರು. ಯಾರು ಎಲ್ಲಿಯವರೆಗೆ ಬರಬಹುದು ಎನ್ನುವುದು ಮಾತ್ರ ಬದಲಾಗಲಿಲ್ಲ.

ದೊಡ್ಡ ಹಿರಿಯರು ಆ ಮನೆತನಗಳಲ್ಲಿ ಮೊದಲನೆಯವರು. ನಿಮ್ಮ ತಾತನ ಅಪ್ಪ ಅವರ ತೋಟದಲ್ಲಿ ಜೀತಕ್ಕಿದ್ದವರು. ನಿಮ್ಮ ತಾತ ಜೀತಕ್ಕೆ ಹೋಗಲಿಲ್ಲ. ಸೈಕಲ್ ಮೇಲೆ ಶಿಡ್ಲಘಟ್ಟಕ್ಕೆ ಹೋಗಿ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಕೆಲವು ವರ್ಷ ನಾನೂ ಹೋದೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಬೇಕು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಬಿಳಿಯಾಗುತ್ತಿತ್ತು. ಬೆಂದ ಹುಳುವಿನ ವಾಸನೆ ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಭಾನುವಾರ ದೇವಾಲಯದಲ್ಲಿ ನಾವು ಕೂತ ಕಡೆ ಆ ವಾಸನೆ ಇರುತ್ತಿತ್ತು. ಮೇಲಿನ ಬೀದಿಯ ಹೆಂಗಸರು ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ ಎಂದು ಆಗ ನಾನು ಅಂದುಕೊಳ್ಳುತ್ತಿದ್ದೆ.

ತಿಂಗಳ ಮೊದಲ ಭಾನುವಾರ ಆರಾಧನೆಯ ಕೊನೆಯಲ್ಲಿ ರೊಟ್ಟಿಯ ಚೂರನ್ನೂ ದ್ರಾಕ್ಷಾರಸವನ್ನೂ ಕೊಡುತ್ತಾರಲ್ಲ, ಅದಕ್ಕೆ ನಾವು 'ಮೇಜು' ಅನ್ನುತ್ತಿದ್ದೆವು. ನಮ್ಮ ಮೇಜಿಗೆ ದೊರೆಗಳು ಕೊಟ್ಟು ಹೋದ ಒಂದು ಬೆಳ್ಳಿಯ ಪಾತ್ರೆ ಇತ್ತು. ಉದ್ದ ಕಾಲಿನದು. ಎಲ್ಲರೂ ಕುಡಿಯುತ್ತಿದ್ದದ್ದು ಅದರಲ್ಲೇ. ಒಬ್ಬರು ಕುಡಿದ ಮೇಲೆ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಬಿಳಿ ಬಟ್ಟೆಯಿಂದ ಅಂಚು ಒರೆಸಿ, ಸ್ವಲ್ಪ ತಿರುಗಿಸಿ ಮುಂದಿನವರಿಗೆ ಕೊಡುತ್ತಿದ್ದರು. ಆದರೆ ಸಾಲಿಗೆ ಒಂದು ಕ್ರಮ ಇತ್ತು. ಮೊದಲು ಮೇಲಿನ ಬೀದಿಯ ಗಂಡಸರು, ಆಮೇಲೆ ಅವರ ಹೆಂಗಸರು, ಆಮೇಲೆ ಕಾಲೊನಿಯ ಗಂಡಸರು, ಕೊನೆಗೆ ನಾವು. ಹಾಗೆ ಮಾಡಿ ಎಂದು ಯಾರೂ ಹೇಳಿದ್ದಿಲ್ಲ. ಚಿಕ್ಕ ಮಕ್ಕಳಿಗೂ ಯಾವಾಗ ಏಳಬೇಕು ಎನ್ನುವುದು ಗೊತ್ತಿತ್ತು.

ಇನ್ನೊಂದು ವಿಷಯ ಇತ್ತು. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಅಯ್ಯನವರೇ ಕುಡಿದು ಮುಗಿಸಬೇಕು, ಅದು ನೇಮ. ನಾನು ಮದುವೆಯಾಗಿ ಬಂದಾಗ ಇದ್ದ ಅಯ್ಯನವರು ಮೇಲಿನ ಬೀದಿಯವರಿಗೆ ನಂಟರು. ನಾವು ಕುಡಿದು ಉಳಿದದ್ದನ್ನು ಅವರು ಕುಡಿಯುತ್ತಿರಲಿಲ್ಲ. ಹಿಂದಿನ ಬಾಗಿಲಿಂದ ಹೋಗಿ ದಾಸವಾಳದ ಗಿಡದ ಬುಡಕ್ಕೆ ಸುರಿದು ಬರುತ್ತಿದ್ದರು. ನಿಮ್ಮ ತಾತ ಕಿಟಕಿಯಿಂದ ಅದನ್ನು ಪ್ರತಿ ತಿಂಗಳೂ ನೋಡುತ್ತಿದ್ದರು. ಆ ದಿನ ಮನೆಗೆ ಬಂದು ಊಟ ಕಡಿಮೆ ಮಾಡುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಅಯ್ಯನವರಿಗೆ ವರ್ಗವಾಗಿ, ಹೊಸಬರು ಬಂದರು. ವಯಸ್ಸು ಮೂವತ್ತೂ ಇರಲಿಲ್ಲ. ಬಳ್ಳಾರಿ ಕಡೆಯವರು. ಅವರ ಜಾತಿ ಯಾವುದೆಂದು ಎರಡು ಕಡೆಯವರೂ ಎರಡು ವರ್ಷ ಹುಡುಕಿದರು, ಸಿಗಲಿಲ್ಲ. ಅವರು ಮೇಜು ಕೊಟ್ಟ ಮೊದಲ ಭಾನುವಾರ, ನಮ್ಮ ಸಾಲಿನ ಕೊನೆಯ ಮುದುಕಿ ಕುಡಿದ ಮೇಲೆ, ಅಲ್ಲೇ ಎಲ್ಲರ ಮುಂದೆ ಪಾತ್ರೆ ಎತ್ತಿ ಉಳಿದದ್ದನ್ನು ಪೂರ್ತಿ ಕುಡಿದರು. ಬಟ್ಟೆಯಿಂದ ಬಾಯಿ ಒರೆಸಿಕೊಂಡರು. ನಿಮ್ಮ ತಾತ ಬೆಂಚಿನ ಮೇಲೆ ತಲೆ ಇಟ್ಟು ಅತ್ತರು. ಆ ಮುದುಕಿ ಹೊರಗೆ ಬಂದು, "ಏನಪ್ಪ ಈ ಹುಡುಗ, ನನ್ನ ಎಲೆ ಅಡಿಕೆ ಎಂಜಲನ್ನೂ ಕುಡ್ದುಬಿಟ್ಟನಲ್ಲ" ಎಂದು ನಗುತ್ತಾ ಕಣ್ಣು ಒರೆಸಿಕೊಂಡಳು. ಅವಳು ನಮ್ಮ ಪಕ್ಕದ ಮನೆಯವಳು, ಬಾಯಿ ಜೋರು. ಅವಳನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು.

ನಿಮ್ಮ ತಾತನಿಗೆ ಆಸೆ ಹುಟ್ಟಿದ್ದು ಆ ದಿನ.

ಒಂದು ಸಂಜೆ ಅಯ್ಯನವರು ನಮ್ಮ ಮನೆಗೆ ಪ್ರಾರ್ಥನೆಗೆ ಬಂದಾಗ ನಿಮ್ಮ ತಾತ ಕೇಳಿಯೇಬಿಟ್ಟರು. "ಅಯ್ಯಾ, ನಮ್ಮಪ್ಪ ಆ ಮನೇಲಿ ತೆಂಗಿನ ಚಿಪ್ಪಲ್ಲಿ ನೀರು ಕುಡ್ದು ಸತ್ತ. ನಾನು ಒಂದೇ ಒಂದ್ಸಲ ದೊಡ್ಡೋರ ಪಕ್ಕದಲ್ಲಿ ನಿಂತ್ಕೊಂಡು, ಅವ್ರು ಕುಡ್ದ ಮೇಲೆ ಅದೇ ಪಾತ್ರೇಲಿ ಕುಡೀಬೇಕು. ಆಗ್ತದಾ?"

ಅಯ್ಯನವರು, "ಆಗ್ತದೆ. ನಾನು ಮಾಡಿಸ್ತೀನಿ" ಅಂದರು.

ಅವರು ಬೆಂಗಳೂರಿನಲ್ಲಿ ದೇವರ ವಿದ್ಯೆ ಓದಿದವರು. ಅಲ್ಲಿ ಅವರ ಜೊತೆ ಓದಿದವರಲ್ಲಿ ಆಫ್ರಿಕಾದವರು, ನಾಗಾಲ್ಯಾಂಡಿನವರು, ಬಿಳಿಯರು ಎಲ್ಲ ಇದ್ದರಂತೆ. ಅವರನ್ನೆಲ್ಲ ಕರೆಸಿ ಒಂದು ಭಾನುವಾರ ಐಕ್ಯತೆಯ ಆರಾಧನೆ ಮಾಡೋಣ, ಬಣ್ಣ, ಭಾಷೆ, ಬೀದಿ ಯಾವುದನ್ನೂ ನೋಡದೆ ಎಲ್ಲರೂ ಕಲೆತು ಒಂದೇ ಸಾಲಿನಲ್ಲಿ ನಿಂತು ಮೇಜಿನಲ್ಲಿ ಪಾಲು ತೆಗೆದುಕೊಳ್ಳೋಣ ಎಂದು ಸಾರಿದರು. ಪರದೇಶದವರು ಬರುತ್ತಾರೆ ಎಂದಮೇಲೆ ದೊಡ್ಡ ಹಿರಿಯರೂ ಬೇಡವೆನ್ನಲಿಲ್ಲ. ಶಾಮಿಯಾನ ತಾವೇ ಹಾಕಿಸುತ್ತೇವೆ ಅಂದರು. "ನಿಮ್ಮನ್ನ ಅವರ ಪಕ್ಕದಲ್ಲೇ ನಿಲ್ಲಿಸ್ತೀನಿ" ಎಂದು ಅಯ್ಯನವರು ನಿಮ್ಮ ತಾತನಿಗೆ ಗುಟ್ಟಾಗಿ ಮಾತು ಕೊಟ್ಟರು.

ಅಷ್ಟು ಹೊತ್ತಿಗೆ ನಿಮ್ಮ ತಾತನಿಗೆ ಕೆಮ್ಮು ಹಿಡಿದಿತ್ತು. ಶೆಡ್ಡಿನಲ್ಲಿ ಹದಿನೈದು ವರ್ಷ ಆವಿ ಕುಡಿದವರಿಗೆ ಬರುವ ಕೆಮ್ಮು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ, ಟಿಬಿ ಅಲ್ಲ, ಗೂಡಿನ ಧೂಳು ಎದೆಗೆ ಸೇರಿದೆ ಅಂದಿದ್ದರು. ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

ಐಕ್ಯತೆಯ ಭಾನುವಾರಕ್ಕೆ ಒಂದು ತಿಂಗಳು ಇರುವಾಗ, ಆರಾಧನೆ ಮುಗಿಸಿ ಬರುತ್ತಿದ್ದಾಗ ದೊಡ್ಡ ಹಿರಿಯರ ಹೆಂಡತಿ ನನ್ನನ್ನು ಕರೆದರು. ಅವರನ್ನು ನಾವು ಅಮ್ಮಾವ್ರು ಅನ್ನುತ್ತಿದ್ದೆವು. ಅವರು ನನ್ನನ್ನು ನಿಲ್ಲಿಸಿ ಮಾತಾಡಿಸಿದ್ದು ಅದೇ ಮೊದಲು.

"ಏನಮ್ಮಯ್ಯ, ನಿನ್ನ ಗಂಡನ ಕೆಮ್ಮು ಹೆಂಗೈತೆ ಈಗ? ಪಾಪ, ಹಿಂದೆ ಕೂತ್ಕೊಂಡು ಕೆಮ್ತಾ ಇರ್ತಾನೆ, ಕೇಳ್ಸುತ್ತೆ."

ಯಾರೂ ಕೇಳದೇ ಇದ್ದದ್ದನ್ನು ಅವರು ಕೇಳಿದರು. ನನ್ನ ಮನಸ್ಸು ಕರಗಿಹೋಯಿತು. ಮಾತೇ ಆಡದ ನಾನು ಆ ದಿನ ಎಲ್ಲ ಹೇಳಿದೆ. ರಾತ್ರಿ ಮಲಗಲಾಗುವುದಿಲ್ಲ, ಕೂತೇ ಇರುತ್ತಾರೆ, ಕಫದಲ್ಲಿ ಒಂದೊಂದು ಸಲ ಕೆಂಪು ಗೆರೆ ಕಾಣುತ್ತದೆ ಎಂದೂ ಹೇಳಿದೆ. ಅದು ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಮುಚ್ಚಿಡಬೇಕೆಂದು ಅಲ್ಲ. ಅವರು ಅಷ್ಟು ಹತ್ತಿರ ನಿಂತಿದ್ದರಲ್ಲ, ಅದನ್ನು ಹೇಳಬೇಕು ಎಂದೇ ನನಗೆ ಹೊಳೆಯಲಿಲ್ಲ.

"ರಕ್ತಾನೂ ಬೀಳ್ತದಾ?" ಎಂದರು ಅಮ್ಮಾವ್ರು. ತಲೆಯಾಡಿಸಿದೆ. ಅವರು ಸೆರಗನ್ನು ಬಾಯಿಗೆ ಹಿಡಿದುಕೊಂಡು "ಸ್ತೋತ್ರ, ಸ್ತೋತ್ರ, ದೇವ್ರು ಗುಣ ಮಾಡ್ಲಿ" ಎಂದು ಹೊರಟುಹೋದರು.

ಮನೆಗೆ ಬಂದು ನಿಮ್ಮ ತಾತನಿಗೆ, "ಅಮ್ಮಾವ್ರು ನಿಮ್ಮ ಆರೋಗ್ಯ ಕೇಳಿದ್ರು" ಅಂದೆ. ಅವರು ಸೈಕಲ್ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. "ನಿಜವಾಗ್ಲೂ? ಹೆಸ್ರು ಹೇಳಿ ಕೇಳಿದ್ರಾ?" ಅಂದರು. ಹೆಸರು ಹೇಳಿರಲಿಲ್ಲ. ಆದರೂ ಹೂಂ ಅಂದೆ.

ಎರಡು ವಾರ ಕಳೆದು, ನಾನೇ ಬರಬೇಕೆಂದು ಅಮ್ಮಾವ್ರು ಹೇಳಿಕಳಿಸಿದರು. ಅವರ ಮನೆಯ ಹಿತ್ತಲಿನ ಜಗುಲಿಯ ಮೇಲೆ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಒಳಗೆ ಹುಲ್ಲಿನಲ್ಲಿ ಸುತ್ತಿದ ಗಾಜಿನ ಲೋಟಗಳು, ನೂರಿಪ್ಪತ್ತು. ಬೊಂಬೆ ಆಟಕ್ಕೆ ಆಗುವಷ್ಟು ಚಿಕ್ಕವು. ಬೆಂಗಳೂರಿನಿಂದ ತರಿಸಿದ್ದಂತೆ.

"ಅತಿಥಿಗಳು ಬರ್ತಾರಲ್ಲ, ಅವತ್ತಿಗೆ. ಒಂದೂ ಒಡೀದಂಗೆ ತೊಳ್ಕೊಡು. ನಿನ್ನ ಕೈ ನಿಧಾನ ಅಂತ ಎಲ್ರೂ ಹೇಳ್ತಾರೆ."

ನಾನು ಅಂಥ ಲೋಟಗಳನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ತೊಂಡೇಬಾವಿಯ ಕಡೆಯೂ ಒಂದೇ ಪಾತ್ರೆ, ಇಲ್ಲಿಯೂ ಒಂದೇ ಪಾತ್ರೆ. ಮೇಜಿಗೆ ಒಬ್ಬೊಬ್ಬರಿಗೆ ಒಂದೊಂದು ಲೋಟ ಇಡುವ ಪದ್ಧತಿ ಲೋಕದಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಬಂದವರಿಗೆ ಶರಬತ್ತು ಕೊಡುವುದಕ್ಕೆ ಎಂದುಕೊಂಡೆ. ಬಿಳಿಯರು ಇಷ್ಟೇ ಕುಡಿಯುತ್ತಾರೇನೋ ಎಂದು ನಗುವೂ ಬಂತು. ನಾನು ಮುಟ್ಟಿದ ಲೋಟದಲ್ಲಿ ಅತಿಥಿಗಳು ಕುಡಿಯುತ್ತಾರೆ, ಅಮ್ಮಾವ್ರ ಮನೆಯವರೂ ಕುಡಿಯುತ್ತಾರೆ ಎನ್ನುವುದೇ ನನ್ನ ತಲೆಯಲ್ಲಿ ತುಂಬಿತ್ತು.

ಎರಡು ಮಧ್ಯಾಹ್ನ ತೊಳೆದೆ. ನಲ್ಲಿ ಮುಟ್ಟಲು ಬಿಡಲಿಲ್ಲ, ಮೇಲಿನಿಂದ ಚೊಂಬಿನಲ್ಲಿ ನೀರು ಹಾಕಿದರು. ಸೋಪೂ ಬೇರೆಯದೇ ಕೊಟ್ಟರು. ತೊಳೆದವನ್ನು ಅಮ್ಮಾವ್ರು ತಾವೇ ಕುದಿನೀರಲ್ಲಿ ಇನ್ನೊಂದು ಸಲ ಅದ್ದಿ ತೆಗೆದರು. "ಬೆಂಗ್ಳೂರವ್ರು ಸ್ವಚ್ಛ ನೋಡ್ತಾರೆ" ಅಂದರು. ಇದೆಲ್ಲ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮನೆಗೆ ಓಡಿ ಬಂದು ಹೇಳಿದೆ. "ಅವ್ರ ಮನೆ ಲೋಟ ನನ್ನ ಕೈಲಿ ತೊಳ್ಸಿದ್ರು ಕಣ್ರೀ. ಒಂದಲ್ಲ ಎರಡಲ್ಲ, ನೂರಿಪ್ಪತ್ತು."

ನಿಮ್ಮ ತಾತ ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿದರು. "ನೋಡ್ದ್ಯಾ, ಕಾಲ ಬದಲಾಗ್ತಾ ಐತೆ. ಅಯ್ಯನವ್ರು ಹೇಳಿದ್ರೆ ಹಂಗೇ" ಅಂದರು. ಆ ರಾತ್ರಿ ಅವರು ಕಡಿಮೆ ಕೆಮ್ಮಿದರು. ನನಗೆ ನೆನಪಿರುವ ಅವರ ಕೊನೆಯ ಸಂತೋಷ ಅದು. ನಾನು ತಂದು ಕೊಟ್ಟದ್ದು.

ಆ ಭಾನುವಾರ ಬೆಳಿಗ್ಗೆಯೇ ಊರ ತುಂಬ ಜನ. ಬೆಂಗಳೂರಿನಿಂದ ವ್ಯಾನು ಬಂತು. ದಾರಿಯಲ್ಲಿ ನಂದಿಯಲ್ಲಿ ನಿಲ್ಲಿಸಿ ದ್ರಾಕ್ಷಿಯ ಬುಟ್ಟಿ ಕೊಂಡುಕೊಂಡು ಬಂದಿದ್ದರು. ಮೊದಲು ಇಳಿದವರು ಬಿಳಿಯ ಗಂಡ ಹೆಂಡತಿ. ಆಕೆ ಚೂಡಿದಾರ ಹಾಕಿ, ಹಣೆಗೆ ಬೊಟ್ಟೂ ಇಟ್ಟಿದ್ದರು. ನಮ್ಮ ಸಭೆಯಲ್ಲಿ ಬೊಟ್ಟು ಇಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ ಕಾಣುತ್ತದೆ. ಆಮೇಲೆ ನಾಗಾಲ್ಯಾಂಡಿನ ಇಬ್ಬರು ಹುಡುಗಿಯರು. ಕೊನೆಗೆ ಆಫ್ರಿಕಾದ ಬೋಧಕರು ಬಾಗಿಲಲ್ಲಿ ತಲೆ ಬಗ್ಗಿಸಿ ಇಳಿದರು. ಅವ್ವ ನನ್ನ ಪಕ್ಕೆಗೆ ತಿವಿದಳು.

"ಏ ನೋಡೇ, ನಮ್ಗಿಂತ ಕಪ್ಪು ಅವ್ರೆ!"

"ಸುಮ್ನಿರವ್ವ, ಕೇಳ್ಸುತ್ತೆ."

"ಕೇಳ್ಸಿದ್ರೆ ಅವ್ರಿಗೇನು ಅರ್ಥ ಆಗ್ತದಾ? ಅಷ್ಟು ಕಪ್ಪಗಿದ್ರೂ ದೊಡ್ಡೋರು ಹಾರ ಹಾಕ್ತಾವ್ರೆ ನೋಡು. ಅಯ್ಯೋ, ತಬ್ಕೊಂಡ್ರು!"

ನಿಜ, ದೊಡ್ಡ ಹಿರಿಯರು ಅವರನ್ನು ಎರಡೂ ಕೈಗಳಿಂದ ತಬ್ಬಿಕೊಂಡರು. ಮನೆಗೆ ಕರೆದುಕೊಂಡು ಹೋಗಿ ಪಡಸಾಲೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನಿಮ್ಮ ತಾತ ಮೆಲ್ಲಗೆ, "ಅವ್ರಪ್ಪ ಇವ್ರ ಕೊಟ್ಟಿಗೆ ಬಳ್ದಿಲ್ವಲ್ಲ, ಅದಕ್ಕೆ" ಅಂದರು. ಅಂದವರು ತಕ್ಷಣ, ಹಾಗೆ ಯೋಚಿಸಬಾರದು ಎಂದು ತಲೆ ಕೊಡವಿಕೊಂಡರು. ಅವರು ಆ ದಿನ ಯಾರ ಮೇಲೂ ಕೆಟ್ಟದ್ದು ಎಣಿಸಲು ತಯಾರಿರಲಿಲ್ಲ. ಕೆಮ್ಮು ಬರಬಾರದೆಂದು ಬೆಳಿಗ್ಗೆಯಿಂದ ಶುಂಠಿ ಕಚ್ಚಿಕೊಂಡಿದ್ದರು.

ಆರಾಧನೆ ಚೆನ್ನಾಗಿತ್ತು. ಆ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಕನ್ನಡದಲ್ಲಿ ಒಂದು ಹಾಡು, ತೆಲುಗಿನಲ್ಲಿ ಒಂದು, ಆ ಹುಡುಗಿಯರ ಭಾಷೆಯಲ್ಲಿ ಒಂದು. ಆಫ್ರಿಕಾದವರು ಚಪ್ಪಾಳೆ ತಟ್ಟುತ್ತಾ ಹಾಡಿ, ಕೊನೆಗೆ ಕುಣಿದೇಬಿಟ್ಟರು. ನಮ್ಮ ಕಾಲೊನಿಯ ತಮಟೆಯವನು ಅವರ ತಾಳ ಹಿಡಿದುಕೊಂಡ. ದೇವಾಲಯದ ಒಳಗೆ ತಮಟೆ ಬಡಿದದ್ದು ಅದೇ ಮೊದಲು. ಮೇಲಿನ ಬೀದಿಯವರು ಕತ್ತು ತಿರುಗಿಸಿ ನೋಡಿದರೂ, ಅತಿಥಿಗಳು ನಗುತ್ತಿದ್ದುದರಿಂದ ತಾವೂ ನಕ್ಕರು. ಆಫ್ರಿಕಾದವರು ತಮ್ಮ ದೇಶದಲ್ಲಿ ಬಿಳಿಯರ ದೇವಾಲಯದ ಬಾಗಿಲಲ್ಲಿ ತಮ್ಮ ಅಜ್ಜಿಯನ್ನು ತಡೆದದ್ದನ್ನು ಹೇಳಿದರು. ಅಯ್ಯನವರು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಬಿಳಿಯ ಹೆಂಗಸು ಅತ್ತರು. ನಮ್ಮ ಕಡೆಯ ಬೆಂಚುಗಳಲ್ಲಿ ಯಾರೂ ಅಳಲಿಲ್ಲ, ಗಮನವಿಟ್ಟು ಕೇಳಿದರು. ನಮಗೆ ಅದು ಗೊತ್ತಿದ್ದ ಕಥೆ.

ಆಮೇಲೆ ಮೇಜು. ಅಯ್ಯನವರು ಮಾತು ಉಳಿಸಿಕೊಂಡರು. ನಿಮ್ಮ ತಾತನ ಕೈ ಹಿಡಿದು ಕರೆದುಕೊಂಡು ಹೋಗಿ ದೊಡ್ಡ ಹಿರಿಯರ ಪಕ್ಕದಲ್ಲಿ ನಿಲ್ಲಿಸಿದರು. ಇನ್ನೊಂದು ಪಕ್ಕಕ್ಕೆ ಆಫ್ರಿಕಾದವರು ಬಂದು ನಿಂತರು. ಅತಿಥಿಗಳು, ಮೇಲಿನ ಬೀದಿಯವರು, ಕಾಲೊನಿಯವರು ಎಲ್ಲ ಬೆರೆತು ಅರ್ಧ ಚಂದ್ರದ ಹಾಗೆ ಸಾಲು ನಿಂತಿತು. ಹೆಂಗಸರ ಕಡೆ ನಾನೂ ನಿಂತಿದ್ದೆ. ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬೆಳ್ಳಿಯ ಪಾತ್ರೆ ಕಾಣುತ್ತಿತ್ತು. ನಾನು ನಿಮ್ಮ ತಾತನ ಮುಖವನ್ನೇ ನೋಡುತ್ತಿದ್ದೆ. ಅವರು ಪಾತ್ರೆಯನ್ನೇ ನೋಡುತ್ತಿದ್ದರು.

ಆಗ ದೊಡ್ಡ ಹಿರಿಯರು ಒಂದು ಹೆಜ್ಜೆ ಮುಂದೆ ಬಂದು ಕೈಯಲ್ಲಿದ್ದ ಚೀಟಿ ಓದಿದರು. "ಪ್ರಿಯರೇ, ಈ ದಿನ ನಮ್ಮ ಮಧ್ಯೆ ದೂರದ ಅತಿಥಿಗಳಿದ್ದಾರೆ. ನಮ್ಮ ಸಭೆಯಲ್ಲಿ ಕಾಯಿಲೆಯವರೂ ಇದ್ದಾರೆ. ಎಲ್ಲರ ಆರೋಗ್ಯದ ಹಿತದೃಷ್ಟಿಯಿಂದ ಇನ್ನು ಮುಂದೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಲೋಟದಲ್ಲಿ ದ್ರಾಕ್ಷಾರಸ ಕೊಡಲು ಸಭೆಯ ಕಮಿಟಿಯು ತೀರ್ಮಾನಿಸಿದೆ." ಅದನ್ನೇ ಇಂಗ್ಲಿಷಿನಲ್ಲೂ ಓದಿದರು. ಬಿಳಿಯರು ಒಳ್ಳೆಯದು ಎಂದು ತಲೆಯಾಡಿಸಿದರು. ಅವರ ದೇಶದಲ್ಲಿ ಎಷ್ಟೋ ಕಡೆ ಹಾಗೇ ಇದೆಯಂತೆ. ಅಯ್ಯನವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು. ಹೇಳಲು ಧೈರ್ಯ ಬಂದಿರಲಿಲ್ಲ.

ಹಿಂದಿನ ಬಾಗಿಲಿಂದ ಎರಡು ತಟ್ಟೆ ಬಂದವು. ನಾನು ತೊಳೆದ ಲೋಟಗಳು. ಬಿಸಿಲಿಗೆ ಒಂದೊಂದೂ ಹೊಳೆಯುತ್ತಿತ್ತು. ಒಂದೂ ಒಡೆದಿರಲಿಲ್ಲ.

ಕಾಯಿಲೆಯವರು ಎನ್ನುವ ಮಾತು ಯಾರ ಬಾಯಿಂದ ಹೊರಟು ಆ ಚೀಟಿಗೆ ಬಂತು ಎಂದು ನನಗೆ ಆಗ ಗೊತ್ತಾಯಿತು. ಅವ್ವ ನನ್ನ ತೋಳು ಹಿಡಿದುಕೊಂಡಳು.

ತಟ್ಟೆ ನಿಮ್ಮ ತಾತನ ಮುಂದೆ ಬಂತು. ಅವರು ಲೋಟವನ್ನು ನೋಡಿದರು, ದೊಡ್ಡ ಹಿರಿಯರ ಕೈಯಲ್ಲಿದ್ದ ಲೋಟವನ್ನು ನೋಡಿದರು, ಮೇಜಿನ ಮೇಲೆ ಬಟ್ಟೆಯ ಕೆಳಗೆ ಸುಮ್ಮನೆ ನಿಂತಿದ್ದ ಪಾತ್ರೆಯನ್ನು ನೋಡಿದರು. ಆಮೇಲೆ ಒಂದು ಲೋಟ ತೆಗೆದುಕೊಂಡರು. ಬಿಳಿಯ ಹೆಂಗಸು ಫೋಟೋ ತೆಗೆದದ್ದು ಆಗಲೇ. ಆಕೆ ಒಳ್ಳೆಯವರು. ಮರೆಯದೆ ಅಂಚೆಯಲ್ಲಿ ಕಳಿಸಿದರು. ಕುಡಿದ ತಕ್ಷಣ ನಿಮ್ಮ ತಾತನಿಗೆ ಬೆಳಿಗ್ಗೆಯಿಂದ ತಡೆದಿದ್ದ ಕೆಮ್ಮು ಒಟ್ಟಿಗೇ ಬಂತು. ದೊಡ್ಡ ಹಿರಿಯರು ಒಂದು ಮಾರು ಸರಿದು ನಿಂತರು. ಆಫ್ರಿಕಾದವರು ಬೆನ್ನು ಸವರಿದರು. ಆರಾಧನೆ ಮುಗಿದ ಮೇಲೆ ಅವರು ಬಂದು ನಿಮ್ಮ ತಾತನ ಕೈ ಹಿಡಿದು ಏನೋ ಹೇಳಿದರು, ಬಹಳ ಹೊತ್ತು ಹೇಳಿದರು. ಅಯ್ಯನವರು ಪಕ್ಕದಲ್ಲೇ ಇದ್ದರೂ ಅದನ್ನು ಕನ್ನಡದಲ್ಲಿ ಹೇಳಲಿಲ್ಲ.

ಶಾಮಿಯಾನದ ಕೆಳಗೆ ಸಹಭೋಜನ. ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಸಾರು. ಮೇಲಿನ ಬೀದಿಯವರು ಮಾತ್ರ ಕೂರಲಿಲ್ಲ. ಐಕ್ಯತೆಗಾಗಿ ಉಪವಾಸ ಪ್ರಾರ್ಥನೆ ಹಿಡಿದಿದ್ದೇವೆ ಎಂದು ಅತಿಥಿಗಳಿಗೆ ಹೇಳಿ, ಓಡಾಡಿಕೊಂಡು ಬಡಿಸಿದರು. ಬಿಳಿಯವರು ಅದನ್ನೂ ಬಹಳ ಮೆಚ್ಚಿದರು.

"ಉಪವಾಸವಂತೆ!" ಅಂದಳು ಅವ್ವ, ಎಲೆಯ ಮುಂದೆ ಕೂತು. "ಬೆಳಿಗ್ಗೆ ಅವ್ರ ಹಿತ್ಲಲ್ಲಿ ಕೋಳಿ ಪುಕ್ಕ ಹಾರ್ತಾ ಇತ್ತು. ಕೋಳಿಗೂ ಉಪವಾಸ ಇತ್ತೋ ಏನೋ."

ಯಾರೋ ನಕ್ಕರು. ನಿಮ್ಮ ತಾತ ಎಲೆ ಮಡಚಿ ಎದ್ದರು. ದಾರಿಯಲ್ಲಿ ಒಂದೇ ಮಾತು ಕೇಳಿದರು. "ಆ ಲೋಟ ನೀನು ತೊಳೆದ್ಯಲ್ಲ, ಅವೇನಾ?"

"ಹೂಂ."

ಬೇರೆ ಏನೂ ಕೇಳಲಿಲ್ಲ. ಕೇಳಿದ್ದರೆ ಕೆಮ್ಮಿನ ವಿಷಯವನ್ನೂ ಹೇಳಿಬಿಡುತ್ತಿದ್ದೆನೋ ಏನೋ. ಒಂದು ವಾರ ಆದಮೇಲೆ, ಮುದ್ದೆ ಮುರಿಯುತ್ತಾ, "ನನ್ನ ಕಾಯಿಲೆ ವಿಷ್ಯ ಅವ್ರಿಗೆ ಯಾರು ಹೇಳಿದ್ದಿರಬಹ್ದು?" ಎಂದರು. ನಾನು ಒಲೆಯ ಕಡೆ ತಿರುಗಿ ಉರಿ ಸರಿಮಾಡಿದೆ.

ಮೊದಲಾದರೆ ಸಾಲಿನ ಕೊನೆಯಲ್ಲಿ ನಿಂತರೂ ಒಂದೇ ಪಾತ್ರೆ ಇತ್ತು. ಯಾರು ಯಾರಾದ ಮೇಲೆ ಕುಡಿದರೂ ಅದು ಅದೇ ಪಾತ್ರೆ. ಈಗ ಅದೂ ಹೋಯಿತು. ಆ ಭಾನುವಾರದಿಂದ ಲೋಟಗಳೇ ಕಾಯಂ ಆದವು. ಸಾಲು ಕಲೆತು ನಿಲ್ಲುವುದು ಮುಂದಿನ ತಿಂಗಳೇ ನಿಂತಿತು. ಬೆಳ್ಳಿಯ ಪಾತ್ರೆ ಬೆಲೆಬಾಳುವ ಪದಾರ್ಥ, ಕಳ್ಳರ ಭಯ ಎಂದು ದೊಡ್ಡ ಹಿರಿಯರ ಮನೆಯ ಬೀರುವಿಗೆ ಸೇರಿತು. ಅಯ್ಯನವರಿಗೆ ವರ್ಷದೊಳಗೆ ವರ್ಗವಾಯಿತು. ಹೋಗುವ ದಿನ ನಮ್ಮ ಮನೆಗೆ ಬಂದು ನಿಮ್ಮ ತಾತನ ಮುಂದೆ ಕೂತು, "ನನ್ನ ಕ್ಷಮಿಸಿ" ಅಂದರು. ನಿಮ್ಮ ತಾತ, "ನೀವು ನಮ್ಮ ಎಂಜಲು ಕುಡಿದ್ರಿ ಅಯ್ಯಾ, ಅಷ್ಟು ಸಾಕು" ಅಂದರು. ಅಷ್ಟು ಸಾಕಾಗಿರಲಿಲ್ಲ, ಅದು ಮೂವರಿಗೂ ಗೊತ್ತಿತ್ತು.

ನಿಮ್ಮ ತಾತ ಆಮೇಲೆ ಮೇಜಿಗೆ ಹೋಗಲಿಲ್ಲ. ದೇವಾಲಯಕ್ಕೆ ಬರುತ್ತಿದ್ದರು, ತಟ್ಟೆ ಬಂದಾಗ ತಲೆ ಬಗ್ಗಿಸಿ ಕೂತಿರುತ್ತಿದ್ದರು. ನಾಲ್ಕು ವರ್ಷ ಹಾಗೆ ಕಳೆಯಿತು. ಕೆಮ್ಮು ಹೆಚ್ಚಾಗಿ ಶೆಡ್ಡು ಬಿಟ್ಟರು. ಕೊನೆಗೆ ಮಂಚ ಹಿಡಿದರು.

ಮಂಚ ಹಿಡಿದವರಿಗೆ ಮನೆಗೇ ಮೇಜು ತಂದುಕೊಡುವ ವಾಡಿಕೆ ಇದೆ. ಆಗ ಇದ್ದ ಅಯ್ಯನವರು, ವಯಸ್ಸಾದವರು, ಬಂದು ಕೇಳಿದರು. ನಿಮ್ಮ ತಾತ, "ಆ ಪಾತ್ರೇಲಾದ್ರೆ ತಗೊಳ್ತೀನಿ" ಅಂದರು. ದೊಡ್ಡ ಹಿರಿಯರ ಪಕ್ಕದಲ್ಲಿ ನಿಲ್ಲುವ ಆಸೆ ಅಷ್ಟು ಹೊತ್ತಿಗೆ ಬಿಟ್ಟಿದ್ದರು. ಪಾತ್ರೆಯಾದರೂ ಬರಲಿ ಎಂದು. ಅಯ್ಯನವರು ನನ್ನನ್ನು ಹೊರಗೆ ಕರೆದು, "ಅದು ಅವರ ಮನೇಲಿದೆಯಮ್ಮ. ನೀನು ಹೋಗಿ ಕೇಳು. ಕೊಟ್ಟರೆ ನಾನು ತಂದು ಕೊಡ್ತೀನಿ" ಅಂದರು. ಅವರಿಗೆ ಕೇಳುವ ಮನಸ್ಸಿರಲಿಲ್ಲ.

ನನ್ನ ಜೀವಮಾನದಲ್ಲಿ ನಾನು ಯಾರ ಮನೆಗೂ ಹೋಗಿ ಏನನ್ನೂ ಕೇಳಿದವಳಲ್ಲ. ಆ ದಿನ ಮಧ್ಯಾಹ್ನ ಹೋದೆ. ಹಿತ್ತಲ ಬಾಗಿಲಲ್ಲಿ ನಿಂತು ಕೂಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಮ್ಮಾವ್ರು ಬಂದರು. ಹೇಳಿದೆ. ಒಳಗಿನಿಂದ ದೊಡ್ಡ ಹಿರಿಯರ ದನಿ ಕೇಳಿಸಿತು.

"ಯಾರೇ ಅದು?"

"ಕಾಲೊನಿಯೋಳು. ಬೆಳ್ಳಿ ಪಾತ್ರೆ ಬೇಕಂತೆ, ಗಂಡನಿಗೆ ಮೇಜು ಕೊಡಕ್ಕೆ."

"ಕಾಯ್ಲೆ ಮನುಷ್ಯನ ಬಾಯಿಗಿಟ್ರೆ ಆಮೇಲೆ ಅದನ್ನ ದೇವರ ಮೇಜಿನ ಮೇಲೆ ಇಡಕ್ಕಾಗ್ತದಾ? ಲೋಟದಲ್ಲಿ ಕೊಡಿ ಅನ್ನು. ಯಾವುದ್ರಲ್ಲಿ ಕೊಟ್ರೂ ಅದೇ ಕರ್ತನ ರಕ್ತ."

"ಅಮ್ಮಾವ್ರೆ, ಅಂಟೋ ಕಾಯ್ಲೆ ಅಲ್ಲ," ಅಂದೆ. "ಡಾಕ್ಟ್ರು ಹೇಳವ್ರೆ. ಮೊದ್ಲೇ ಹೇಳಿದ್ರು."

ನಾಲ್ಕು ವರ್ಷ ತಡವಾಗಿ ಆ ಮಾತು ನನ್ನ ಬಾಯಿಂದ ಬಂತು. ಅಮ್ಮಾವ್ರು ಕೇಳಿಸಿಕೊಂಡರೋ ಇಲ್ಲವೋ. ಒಳಗೆ ಹೋಗಿ ಒಂದು ಚಿಕ್ಕ ಲೋಟವನ್ನು ಪೇಪರಿನಲ್ಲಿ ಸುತ್ತಿ ತಂದು ಜಗುಲಿಯ ಅಂಚಿಗೆ ಇಟ್ಟರು. "ಇದ್ರಲ್ಲೇ ಕೊಡ್ಲಿ. ಆಮೇಲೆ ನೀನೇ ಇಟ್ಕೋ ಅಮ್ಮಯ್ಯ, ವಾಪಸ್ ತರ್ಬೇಡ."

ಆ ಲೋಟವನ್ನು ಅಲ್ಲೇ ಬಿಟ್ಟು ಬರುವಷ್ಟು ರೋಷ ನನಗಿರಲಿಲ್ಲ. ತೆಗೆದುಕೊಂಡೆ. "ವಂದನೆ ಅಮ್ಮಾವ್ರೆ" ಎಂದೂ ಅಂದೆ. ದಾರಿಯಲ್ಲಿ ಕೆರೆಯ ಏರಿಯ ಮೇಲೆ ನಿಂತು ಅದನ್ನು ನೀರಿಗೆ ಎಸೆದೆ.

ಮನೆಗೆ ಬಂದಾಗ ನಿಮ್ಮ ತಾತ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು. ನನ್ನ ಖಾಲಿ ಕೈ ನೋಡಿದರು.

"ಏನಂದ್ರು?"

"ಮನೆ ಬೀಗ ಹಾಕೈತೆ. ಊರಿಗೆ ಹೋಗವ್ರಂತೆ," ಅಂದೆ.

"ಹೌದಾ. ಬರ್ಲಿ ಬಿಡು," ಅಂದರು. ನಂಬಿದರೋ, ನನಗಾಗಿ ನಂಬಿದ ಹಾಗೆ ಮಾಡಿದರೋ ಗೊತ್ತಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟವರೇ, "ಬಂದ್ರಾ ಅವ್ರು?" ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. ಅದರ ಮಾರನೆಯ ದಿನವೂ ಕೇಳಿದರು. ಇಲ್ಲ ಅಂದೆ. ಹೀಗೆ ಎಂಟು ದಿನ ಬೆಳಿಗ್ಗೆ ಅವರು ಕೇಳಿದರು, ಎಂಟು ದಿನವೂ ನಾನು ಅದೇ ಸುಳ್ಳು ಹೇಳಿದೆ. ನಿಜ ಹೇಳಬೇಕಾದರೆ ಕೆಮ್ಮಿನ ಮಾತಿನಿಂದ ಶುರುಮಾಡಬೇಕಿತ್ತು, ಅದು ನನ್ನಿಂದ ಆಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ಕೇಳಲಿಲ್ಲ. ಕೆಮ್ಮೂ ಕೇಳಿಸಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆ ಬಂದಿದೆ ಎಂದುಕೊಂಡು ನಾನು ಸದ್ದು ಮಾಡದೆ ಒಲೆ ಹಚ್ಚಿದೆ.